ಹೆಸರು ಹಾಕಿಸಿದ ಭಾಂಡೆ

ಅನುಸೂಯಾ ಆ ದಿನ ಬೆಳಿಗ್ಗೆ ಎದ್ದು ಒಲೆ ಹೊತ್ತಿಸಲಿಲ್ಲ. ಹೊತ್ತಿಸಬೇಡ ಎಂದು ನೆಗೆಣ್ಣಿ ಕೆಂಚವ್ವ, ಅಂದರೆ ಗಂಡನ ಅಣ್ಣನ ಹೆಂಡತಿ, ಹಿಂದಿನ ದಿನವೇ ಹೇಳಿ ಹೋಗಿದ್ದಳು. ಮನೆ ಬಿಡುವ ದಿನ ಒಲೆ ತಣ್ಣಗಿರಬೇಕಂತೆ. ಚಹಾ, ರೊಟ್ಟಿ ಎಲ್ಲ ಬಾಜೂ ಮನೆಯಿಂದ, ಅಂದರೆ ಕೆಂಚವ್ವನ ಮನೆಯಿಂದಲೇ ಬರುತ್ತವಂತೆ. ಅನುಸೂಯಾ "ಹೂಂ" ಎಂದಿದ್ದಳು. ಗಂಡ ಶಿವಾಜಿ ಸತ್ತು ಎಂಟು ತಿಂಗಳಾಗಿತ್ತು. ಈ ಎಂಟು ತಿಂಗಳಲ್ಲಿ ಸದಲಗಾದ ಆ ಓಣಿಯಲ್ಲಿ ಅವಳಷ್ಟು ಸಲ ಹೂಂ ಎಂದವರು ಇನ್ನೊಬ್ಬರು ಇರಲಿಕ್ಕಿಲ್ಲ.

ಶಿವಾಜಿಯ ಸಾವಿಗೆ ಒಂದು ಗದ್ದಲವೂ ಇರಲಿಲ್ಲ. ಹಾಲಿನ ಡೇರಿಯ ಮುಂದೆ ಪಾಳಿ ಹಚ್ಚಿ ನಿಂತಿದ್ದವನು, ಯಾಕೋ ಎದೆ ಉರಿಯುತ್ತಿದೆ ಎಂದು ತನ್ನ ಕ್ಯಾನಿನ ಮೇಲೆಯೇ ಕೂತ. ಕೂತವನು ಏಳಲಿಲ್ಲ. ಹಿಂದೆ ನಿಂತವರು ಅವನನ್ನು ದಾಟಿ ಹೋಗಿ ಹಾಲು ಅಳೆಸಿಕೊಂಡು ಬಂದ ಮೇಲೆಯೇ ಗೊತ್ತಾದದ್ದು. ಓಡಿ ಬಂದು ಸುದ್ದಿ ಹೇಳಿದವನ ಬಾಯಿ ಅಲ್ಲಾಡುವುದನ್ನು ಅನುಸೂಯಾ ನೋಡುತ್ತ ನಿಂತಿದ್ದಳು, ಮಾತು ಮಾತ್ರ ಕೇಳಿಸಿರಲಿಲ್ಲ. ಅಂದಿನಿಂದ ಎಲ್ಲವೂ ಗೋಡೆಯ ಆಚೆ ಯಾರದೋ ಮನೆಯಲ್ಲಿ ನಡೆಯುತ್ತಿರುವಂತಿತ್ತು. ಉಣ್ಣು ಎಂದರೆ ಉಂಡಳು. ಮಂಗಳಸೂತ್ರ ತೆಗೆ ಎಂದರೆ ತೆಗೆದಳು. ಹೊತ್ತಿಗೆ ಸರಿಯಾಗಿ ಎಮ್ಮೆ ಹಿಂಡಿದಳು. ದುಃಖ ಎಂದರೆ ಇಷ್ಟೇ ಏನೋ ಎಂದು ಒಮ್ಮೊಮ್ಮೆ ಅವಳಿಗೇ ಸೋಜಿಗವಾಗುತ್ತಿತ್ತು.

ನಾಲ್ಕು ದಿನಗಳ ಹಿಂದೆ ಭಾವ ಅಣ್ಣಾಸಾಬನ ಕಟ್ಟೆಯ ಮೇಲೆ ನಾಲ್ವರು ಗಂಡಸರು ಕೂತರು. ಎಲೆ, ಅಡಿಕೆ, ತಂಬಾಕು ತಿರುವುತ್ತ ಒಂದು ಹೆಂಗಸಿನ ಬಾಳನ್ನು ಅರ್ಧ ತಾಸಿನಲ್ಲಿ ಮುಗಿಸಿಬಿಟ್ಟರು. ಎಮ್ಮೆ ಮಾರುವುದಕ್ಕೂ ಇದಕ್ಕಿಂತ ಹೆಚ್ಚು ಹೊತ್ತು ಕೂರುತ್ತಾರೆ. ಅನುಸೂಯಾಳ ತಮ್ಮ ರಾಜಾರಾಮ ಮುಗಳಖೋಡದಿಂದ ಬಂದಿದ್ದ. ಅಕ್ಕನನ್ನು ಕರೆದುಕೊಂಡು ಹೋಗುತ್ತೇನೆ ಎಂದ. ಹೊಲದ ಮಾತು ಆಮೇಲೆ ನೋಡೋಣ ಎಂದರು, ಅವಳು ಹೂಂ ಎಂದಳು. ಹೊಳೆಯ ನೀರು ಹೊಕ್ಕು ಹೊಕ್ಕು ಈ ಮನೆಯ ಗೋಡೆ ಸಡಿಲಾಗಿದೆ, ಕೆಡವಿ ದನದ ಕೊಟ್ಟಿಗೆ ಮಾಡೋಣ ಎಂದರು, ಅದಕ್ಕೂ ಹೂಂ. ಕೊನೆಗೆ ಅಣ್ಣಾಸಾಬ ಗಂಟಲು ಸರಿಮಾಡಿಕೊಂಡು, "ಭಾಗ್ಯಾ ನಮ್ಮ ಮನಿ ಹುಡುಗಿ. ಆಕಿ ಇಲ್ಲೇ ಇರ್ತಾಳ. ನಮ್ಮ ತಮ್ಮನ ಹೆಸರ ಹೇಳಾಕ ಆಕಿ ಒಬ್ಬಾಕೀನ ಉಳದಾಳ," ಎಂದ.

ಭಾಗ್ಯಾ ಶಿವಾಜಿಯ ಮೊದಲ ಹೆಂಡತಿ ಹೊಳೆವ್ವನ ಮಗಳು. ಹೊಳೆವ್ವ ಕಾಮಾಲೆಯಾಗಿ ಸತ್ತಾಗ ಭಾಗ್ಯಾ ಎರಡು ವರ್ಷದ ಕೂಸು. ಮರುವರ್ಷ ಅನುಸೂಯಾ ಎರಡನೆಯವಳಾಗಿ ಈ ಮನೆಗೆ ಬಂದಾಗ ಮೂಗು ಸುರಿಸುತ್ತ ಹೊಸ್ತಿಲಲ್ಲಿ ನಿಂತಿತ್ತು. ಆಮೇಲೆ ಅನುಸೂಯಾಳಿಗೆ ತನ್ನದು ಎಂಬ ಮಗು ಆಗಲೇ ಇಲ್ಲ. ಈಗ ಹುಡುಗಿಗೆ ಹದಿನಾಲ್ಕು, ಜೂನ್ ಬಂದರೆ ಶಾಲೆಯಲ್ಲಿ ಒಂಬತ್ತನೆಯ ಇಯತ್ತೆ. ಹುಡುಗಿಯನ್ನು ಬಿಟ್ಟು ಹೋಗಬೇಕು ಎಂಬ ಮಾತು ಬಂದಾಗ ಮಾತ್ರ ಅನುಸೂಯಾಳ ನಾಲಿಗೆಯ ತುದಿಗೆ ಏನೋ ಬಂದಿತ್ತು. ಹುಡುಗಿ ನನ್ನ ಕೂಡ ಬರಲಿ. ಇಷ್ಟೇ ಮಾತು. ಆದರೆ ಹೊಟ್ಟೆಯಲ್ಲಿ ಹುಟ್ಟಿದವಳಲ್ಲ, ಯಾವ ಹಕ್ಕಿನಿಂದ ಕೇಳುವುದು? ಕೇಳಿ ಇಲ್ಲ ಎಂದರೆ? ನಾಲ್ವರೂ ಅವಳತ್ತ ನೋಡಿದರು. ಅವಳು ಹೂಂ ಎಂದಳು.

ಏಳುವ ಮುಂಚೆ ಅಣ್ಣಾಸಾಬ ಪಾತ್ರೆ ಭಾಂಡೆಗಳ ಮಾತನ್ನೂ ಬಗೆಹರಿಸಿದ್ದ. "ಹೊಳೆವ್ವನ ಭಾಂಡೆ ಭಾಗ್ಯಾಂದು. ಹುಡುಗಿ ಎಲ್ಲಿ ಇರ್ತಾಳ, ಭಾಂಡೆ ಅಲ್ಲೇ ಇರಬೇಕ. ಅನುಸೂಯಾಂದು ಆಕಿ ಒಯ್ಯಲಿ. ನಾಳೆ ಹುಡುಗಿ ಲಗ್ನದಾಗ ಯಾರೂ ನಮ್ಮ ಕಡೆ ಬಟ್ಟ ಮಾಡಿ ತೋರಸಬಾರದ."

ಯಾರದು ಯಾವುದು ಎಂದು ಆರಿಸುವುದು ಕಷ್ಟದ ಕೆಲಸವೇನಲ್ಲ. ಈ ಕಡೆಯ ಭಾಂಡೆಗಳಿಗೆ ಬಾಯಿಲ್ಲದಿದ್ದರೂ ಹೆಸರಿರುತ್ತದೆ. ಮದುವೆಯ ಭಾಂಡೆ ಕೊಂಡರೆ ಅಂಗಡಿಯಲ್ಲೇ ಮಶೀನು ಹಿಡಿದು ಕೂತವನು ಟರ್ರ್ ಎಂದು ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆದು ಕೊಡುತ್ತಾನೆ. ಯಾರಿಗೆ, ಯಾರಿಂದ, ಯಾವ ಇಸವಿ. ಹಂಡೆಯಿಂದ ಹಿಡಿದು ಚಮಚದ ತನಕ ಯಾವುದೂ ತಪ್ಪುವುದಿಲ್ಲ. ಕೊಟ್ಟವರು ಸುಮ್ಮನೆ ಕೊಟ್ಟು ಮರೆಯುವವರೇ ಆಗಿದ್ದರೆ ಆ ಮಶೀನಿನವನ ಹೊಟ್ಟೆ ಹೇಗೆ ತುಂಬಬೇಕು?

ಹೀಗಾಗಿ ಮೇ ತಿಂಗಳ ಆ ಬೆಳಿಗ್ಗೆ ಮೂವರು ಹೆಂಗಸರು ಅಡಿಗೆಮನೆಯ ನೆಲದ ಮೇಲೆ ಭಾಂಡೆ ಹರವಿಕೊಂಡು ಕೂತಿದ್ದರು. ಕೆಂಚವ್ವನಿಗೆ ಓದಲು ಬಾರದು. ಅನುಸೂಯಾ ನಾಲ್ಕನೆಯ ಇಯತ್ತೆ, ಕೂಡಿಸಿ ಕೂಡಿಸಿ ಓದಬೇಕು. ಭಾಗ್ಯಾ ಓದುವುದು, ಅನುಸೂಯಾ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಚೀಲಕ್ಕೆ ಹಾಕುವುದು, ಕೆಂಚವ್ವ ನೋಡುವುದು ಎಂದು ಕೆಲಸ ಹಂಚಿಕೆಯಾಗಿತ್ತು. ಎಡಕ್ಕೆ ಹೊಳೆವ್ವನವು, ಉಳಿಯುವವು. ಬಲಕ್ಕೆ ಅನುಸೂಯಾಳವು, ಹೋಗುವವು. ಬರಿಗೊಡ ಹೊಸ್ತಿಲು ದಾಟಬಾರದೆಂದು ಕೆಂಚವ್ವ ಮಡಿಲಲ್ಲಿ ಜೋಳ ಕಟ್ಟಿಕೊಂಡು ಬಂದಿದ್ದಳು. ಹೋಗುವ ಒಂದೊಂದು ಭಾಂಡೆಗೂ ಒಂದೊಂದು ಚಿಟಿಕೆ ಜೋಳ ಉದುರಿಸುತ್ತಿದ್ದಳು. ಅವಳ ಬಾಯಿ ಜೋರು, ಆದರೆ ಕೆಟ್ಟವಳಲ್ಲ.

ಭಾಗ್ಯಾ ನಾಲ್ಕು ದಿನಗಳಿಂದ ಅನುಸೂಯಾಳ ಕೂಡ ಮಾತು ಬಿಟ್ಟಿದ್ದಳು. ಈಗಲೂ ಅವಳ ಮುಖ ನೋಡದೆ, ಶಾಲೆಯಲ್ಲಿ ಪಾಠ ಓದುವವರ ದನಿಯಲ್ಲಿ ಓದುತ್ತಿದ್ದಳು.

"ಸೌಭಾಗ್ಯವತಿ ಹೊಳೆವ್ವ ಶಿವಾಜಿ ಪೂಜೇರಿ. ಸೋದರಮಾವನಿಂದ."

"ಎಡಕ್ಕ," ಎಂದಳು ಕೆಂಚವ್ವ.

"ಅನುಸೂಯಾ ಶಿವಾಜಿ ಪೂಜೇರಿ. ರಾಜಾರಾಮನಿಂದ ಪ್ರೀತಿಪೂರ್ವಕ."

"ಬಲಕ್ಕ."

ಅನುಸೂಯಾ ಸುತ್ತುತ್ತಿದ್ದಳು. ಸುತ್ತುವುದು ಒಳ್ಳೆಯ ಕೆಲಸ. ಕೈ ತಾನೇ ಮಾಡುತ್ತದೆ. ಇನ್ನು ಎರಡು ತಾಸಿಗೆ ಟೆಂಪೋ ಬರುತ್ತದೆ, ಹುಡುಗಿ ಇಲ್ಲಿ ಉಳಿಯುತ್ತಾಳೆ, ತಾನು ಅಲ್ಲಿರುತ್ತೇನೆ ಎಂಬುದು ಅವಳಿಗೆ ಗೊತ್ತಿತ್ತು. ಆದರೆ ನಾಳೆ ಅಮಾವಾಸ್ಯೆ, ನಾಡಿದ್ದು ಸಂತೆ ಎಂದು ಗೊತ್ತಿರುವ ಹಾಗೆ ಗೊತ್ತಿತ್ತು, ಅಷ್ಟೇ.

ಭಾಗ್ಯಾ ತಾಮ್ರದ ಹಂಡೆಯನ್ನು ಹೊರಳಿಸಿ ಕಂಠದ ಹತ್ತಿರ ಕಣ್ಣು ಒಯ್ದಳು. "ಅನುಸೂಯಾ ಶಿವಾಜಿ ಪೂಜೇರಿ. ರಾಜಾರಾಮನಿಂದ."

ಅನುಸೂಯಾಳ ಕೈ ನಿಂತಿತು. ಈ ಹಂಡೆಯನ್ನು ಹನ್ನೊಂದು ವರ್ಷ ಹುಣಸೆಹಣ್ಣು ಹಚ್ಚಿ ತಿಕ್ಕಿದವಳು ಅವಳು. ಬುಡದ ತಗ್ಗು ದೂಧಗಂಗಾ ಹೊಳೆ ಮನೆ ಹೊಕ್ಕ ವರ್ಷದ್ದು. ಇದು ಹೊಳೆವ್ವನದು ಎಂದು ಹೇಳಲು ಅಕ್ಷರವೇ ಬೇಕಿರಲಿಲ್ಲ. ಹುಡುಗಿ ತಪ್ಪಿ ಓದಿರಬೇಕು ಎಂದುಕೊಂಡಳು. ಆದರೆ ಓಣಿಯ ಮುದುಕರಿಗೆಲ್ಲ ಪೇಪರು ಓದಿ ಹೇಳುವ ಹುಡುಗಿ ತಪ್ಪಿ ಓದುವುದೆಂದರೇನು? ಅಷ್ಟರಲ್ಲಿ ಹಿತ್ತಾಳೆ ಕೊಡ ಬಂತು, ಅದೂ ಅನುಸೂಯಾಳ ಹೆಸರಿಗೆ ಹೋಯಿತು. ಹಿಟ್ಟು ನಾದುವ ದೊಡ್ಡ ಪರಾತ ಬಂತು, ಅದೂ ಹೋಯಿತು. ನಡುವೆ ಸಂಶಯ ಬರಬಾರದೆಂದು ಒಂದೆರಡು ಸಣ್ಣ ಬಟ್ಟಲು, ವಾಟಗ, ಎಡಕ್ಕೂ ಹೋದವು.

"ನಿಮ್ಮ ತಮ್ಮ ಭಾಳ ಕೊಟ್ಟಾನ ಬಿಡ ತಂಗಿ," ಎಂದಳು ಕೆಂಚವ್ವ, ಜೋಳ ಉದುರಿಸುತ್ತ. "ಮದಿವ್ಯಾಗ ಇಷ್ಟ ನೋಡಿದ ನೆನಪ ನನಗಿಲ್ಲ. ಆಗ ನಾನ ಇವರ ಮುಂದ ಆಡಿಕೊಂಡಿದ್ನಿ, ಬರೇ ಆರ ಗಂಗಾಳದಾಗ ಮಗಳ್ನ ಕಳಿಸ್ಯಾರ ಅಂತ. ಪಾಪ ಬರ್ತೈತಿ ನೋಡ."

ಅನುಸೂಯಾ ಹೇಳಬೇಕಿತ್ತು. ಅದು ನನ್ನದಲ್ಲ ಎಂದರೆ ಮುಗಿಯಿತು. ಹೇಳಲು ಬಾಯಿಯನ್ನೂ ತೆರೆದಳು. ಆದರೆ ಹೇಳಿದ ಮೇಲೆ ಯಾಕೆ, ಏನು, ಹೇಗೆ ಎಂದು ಶುರುವಾಗುತ್ತದೆ, ಅದಕ್ಕೆಲ್ಲ ಉತ್ತರ ಕೊಡುವ ತ್ರಾಣ ತನ್ನಲ್ಲಿಲ್ಲ ಅನ್ನಿಸಿ ಬಾಯಿ ಮುಚ್ಚಿದಳು. ತನ್ನ ಮೇಲೆ ಕನಿಕರಪಟ್ಟು ಹುಡುಗಿ ತಾಯಿಯ ಭಾಂಡೆ ದಾನ ಮಾಡುತ್ತಿದೆಯೋ, ಸಿಟ್ಟಿನಿಂದ ಎಲ್ಲ ಒಯ್ಯಿ ಎನ್ನುತ್ತಿದೆಯೋ ತಿಳಿಯಲಿಲ್ಲ.

ಬಾಜೂ ಮನೆಯಲ್ಲಿ ಕುಕ್ಕರು ಕೂಗಿತು. ಕೆಂಚವ್ವ ಮಡಿಲು ಕೊಡವಿಕೊಂಡು ಎದ್ದು ಹೋದಳು. ಅನುಸೂಯಾ ಮೆಲ್ಲಗೆ ಅಂದಳು: "ಆ ಹಂಡೆ ನಿಮ್ಮವ್ವಂದು."

"ಗೊತ್ತೈತಿ."

"ಮತ್ತ?"

ಭಾಗ್ಯಾ ಒಂದು ತಂಬಿಗೆಯ ಮೇಲೆ ಬೆರಳಾಡಿಸುತ್ತ ಉತ್ತರ ಕೊಟ್ಟಳು. "ದೊಡ್ಡಪ್ಪ ಏನ ಹೇಳ್ಯಾನ? ಹುಡುಗಿ ಎಲ್ಲಿ, ಭಾಂಡೆ ಅಲ್ಲಿ. ಭಾಂಡೆ ಮುಗಳಖೋಡಕ್ಕ ಹೋದ್ರ ನನ್ನೂ ಅಲ್ಲೇ ಕಳಸಬೇಕಾಗ್ತೈತಿ. ಅವಾ ಮಾತ ತಪ್ಪೂದಿಲ್ಲ."

ಎಂಥ ಹುಚ್ಚು ಲೆಕ್ಕ! ಒಂಬತ್ತನೆಯ ಇಯತ್ತೆಗೆ ಹೋಗುವ ಹುಡುಗಿ, ನಾಲ್ಕು ದಿನ ಒಬ್ಬಳೇ ಕೂತು ಮಾಡಿದ ಉಪಾಯ ಇದು.

"ಹಂಗ ಆಗೂದಿಲ್ಲವಾ ಅದು," ಎಂದಳು ಅನುಸೂಯಾ.

"ಮತ್ತ ಹೆಂಗ ಆಗೂದು? ನೀ ಏನರ ಕೇಳಿದ್ಯಾ?" ಭಾಗ್ಯಾ ಈಗ ಅವಳ ಮುಖ ನೋಡಿದಳು. "ಅವತ್ತ ನಾ ಬಾಗಲ ಹಿಂದ ನಿಂತಿದ್ನಿ ಚಿಗವ್ವ. ಈಗ ಕೇಳ್ತಾಳ, ಈಗ ಕೇಳ್ತಾಳ ಅಂತ ಉಸರ ಹಿಡದ ನಿಂತಿದ್ನಿ. ನೀ ಹೂಂ ಅಂದಿ."

ಅನುಸೂಯಾಳಿಗೆ ನಾಚಿಕೆಯಾಯಿತು. ಕಿವಿಯ ತುದಿ ಬಿಸಿಯಾಗುವಷ್ಟು ನಾಚಿಕೆ. ಕೆಂಚವ್ವ ಕೈ ಒರೆಸಿಕೊಳ್ಳುತ್ತ ಬಂದು ಕೂತಳು, ಓದು ಮುಂದುವರಿಯಿತು. ಮುಂದೆ ಬಂದ ಹೊಳೆವ್ವನ ಎರಡು ಡಬರಿ ಪಾತ್ರೆಗಳನ್ನು ಹುಡುಗಿ ಓದುವ ಮೊದಲೇ ಅನುಸೂಯಾ ತೆಗೆದು ಬಲಗಡೆಯ ಚೀಲಕ್ಕೆ ಹಾಕಿದಳು. ಕೇಳದೆಯೇ ಆಗುವುದಾದರೆ ಆಗಲಿ ಎಂಬ ಆಸೆ ಅವಳಿಗೆ. ಧೈರ್ಯವಿಲ್ಲದವರ ಆಸೆ ಹೀಗೇ ಇರುತ್ತದೆ, ತಾನೊಂದು ಬಿಟ್ಟು ಎಲ್ಲರೂ ಎಲ್ಲವನ್ನೂ ಮಾಡಿ ಮುಗಿಸಲಿ ಎಂದು.

ಹನ್ನೆರಡರ ಸುಮಾರಿಗೆ ಟೆಂಪೋ ಬಂತು. ರಾಜಾರಾಮ ಗೊತ್ತುಮಾಡಿ ಕಳಿಸಿದ್ದ ಡ್ರೈವರ್ ಸಿದ್ದಲಿಂಗ ಹಿಂದಿನ ಹಲಗೆ ಬಿಚ್ಚಿ, ಮಂಚ, ಟ್ರಂಕು, ಹಾಸಿಗೆ ಸುರುಳಿ ಒಂದೊಂದಾಗಿ ಏರಿಸತೊಡಗಿದ. ಕಬ್ಬಿಗೆ ನೀರು ಬಿಟ್ಟು ಬಂದ ಅಣ್ಣಾಸಾಬ ಕಾಲು ತೊಳೆಯದೆ ನೇರ ಕೆಲಸಕ್ಕೆ ನಿಂತ. ತಮ್ಮನ ಹೆಂಡತಿಯನ್ನು ಕಳಿಸುವಾಗ ತಾನು ಕೈ ಕಟ್ಟಿ ನಿಂತ ಎಂದು ಯಾರೂ ಅನ್ನಬಾರದು. ಮಂದಿ ಏನನ್ನುತ್ತಾರೆ ಎಂಬುದರ ಮೇಲೆಯೇ ಅವನ ಬಾಳೆಲ್ಲ ನಡೆದಿತ್ತು. ದೊಡ್ಡ ಚೀಲದಲ್ಲಿ ಹಿಡಿಸದೆ ಹಂಡೆ ಹೊರಗೇ ಉಳಿದಿತ್ತು. ಸುತ್ತಿದ ಸೀರೆ ಜಾರಿ ಕಂಠ ಬಿಸಿಲಿಗೆ ಬಂದಿತ್ತು. ಅಣ್ಣಾಸಾಬ ಅದನ್ನು ಎತ್ತಿದವನು ಹಾಗೇ ಕೆಳಗಿಟ್ಟ. ಕಣ್ಣು ಕಿರಿದು ಮಾಡಿ ಓದಿದ. ಮತ್ತೊಮ್ಮೆ ಓದಿದ.

"ಇದು ಹೊಳೆವ್ವಂದಲ್ಲೇನ?"

ಅವನು ಏರಿಸಿದ ಚೀಲಗಳನ್ನು ಇಳಿಸಿ ಬಾಯಿ ಬಿಚ್ಚಿದ. ಕೊಡ, ಪರಾತ, ತಂಬಿಗೆ, ಡಬರಿ. ಒಂದೊಂದನ್ನೇ ಓದಿ ಅಂಗಳದಲ್ಲಿ ಸಾಲಾಗಿ ಇಟ್ಟ. ಒಳಗಿನ ಜೋಳದ ಕಾಳು ಮಣ್ಣಿಗೆ ಚೆಲ್ಲಿದವು. ಹನ್ನೊಂದಾದವು. ಓಣಿಯಲ್ಲಿ ಒಂದೆರಡು ಬಾಗಿಲು ತೆರೆದವು.

"ಇವನ್ನ ಯಾರ ಹಾಕಿದವರು?" ಎಂದ.

"ಭಾಗ್ಯಾ ಓದತಿದ್ಳರಿ..." ಎಂದು ಕೆಂಚವ್ವ ಶುರುಮಾಡಿದಳು. ಹುಡುಗಿಯ ಮುಖ ಬೆಳ್ಳಗಾಯಿತು.

"ನಾ ಹಾಕೇನಿ," ಎಂದಳು ಅನುಸೂಯಾ.

ಅಣ್ಣಾಸಾಬ ಅವಳನ್ನು ನೋಡಿದ. ಸಿಟ್ಟಿಗಿಂತ ಹೆಚ್ಚಾಗಿ ಅವನಿಗೆ ನೋವಾಗಿತ್ತು. "ಕದಿಯೂದೇನ ಅನುಸೂಯಾ? ಕೇಳಿದ್ರ ಒಂದೆರಡ ನಾನ ಕೊಡತಿದ್ದೆ. ತಾಯಿ ಇಲ್ಲದ ಹುಡುಗಿ ಭಾಂಡೆ ಕದ್ದ ಒಯ್ಯಾಕ ನಿನಗ ಮನಸ್ ಹೆಂಗ ಬಂತ?"

ಕದಿಯುವುದು ಎಂಬ ಮಾತನ್ನು ಅವಳು ನುಂಗಿಕೊಂಡಳು. ಎಂಟು ತಿಂಗಳಲ್ಲಿ ನುಂಗುವುದು ಚೆನ್ನಾಗಿ ರೂಢಿಯಾಗಿತ್ತು. ಆದರೆ ತಾಯಿ ಇಲ್ಲದ ಹುಡುಗಿ ಎಂಬುದು ಗಂಟಲಿನಲ್ಲಿ ಅಡ್ಡ ನಿಂತಿತು, ಒಳಗೆ ಹೋಗಲೊಲ್ಲದು. ದಡಾರ ಎದ್ದಾಗ ಹನ್ನೆರಡು ದಿನ ಬೇವಿನ ಸೊಪ್ಪು ಹಾಸಿದವರು ಯಾರು? ಹೊಳೆ ಬಂದ ರಾತ್ರಿ ಸೊಂಟದ ನೀರಿನಲ್ಲಿ ಹೆಗಲ ಮೇಲೆ ಕೂರಿಸಿಕೊಂಡು ಶಾಲೆಯ ದಿಬ್ಬ ಏರಿದವರು ಯಾರು? ದೊಡ್ಡವಳಾದ ದಿನ ಹೆದರಿ ಕೊಟ್ಟಿಗೆಯಲ್ಲಿ ಅಡಗಿದ್ದವಳನ್ನು ಹುಡುಕಿ ತಂದವರು ಯಾರು? ಅವಳಿಗೆ ಕೋಪ ಬಂತು. ಎಷ್ಟು ದಿನದ ಮೇಲೆ ಬಂತೆಂದರೆ, ಇದು ಕೋಪ ಎಂದು ಗುರುತಿಸಲೂ ಒಂದು ಗಳಿಗೆ ಬೇಕಾಯಿತು.

"ಯಾರಿಗ್ರಿ ತಾಯಿ ಇಲ್ಲ, ಬಾವಾರ?" ಎಂದಳು.

ದನಿ ತಾನೆಣಿಸಿದ್ದಕ್ಕಿಂತ ದೊಡ್ಡದಾಗಿ ಬಂತು. ಸಿದ್ದಲಿಂಗ ಹಗ್ಗ ಎಳೆಯುವುದನ್ನು ನಿಲ್ಲಿಸಿದ.

"ಹೊಳೆವ್ವಕ್ಕನ ಭಾಂಡೆ ಎಲ್ಲಾ ಇಲ್ಲೇ ಇರ್ಲಿ. ನಂದೂ ಬೇಕಂದ್ರ ಇಳಿಸಿಕೊಳ್ರಿ. ನನಗ ಒಂದ ವಾಟಗಾನೂ ಬ್ಯಾಡ. ಹುಡುಗೀನ್ನ ಕರಕೊಂಡ ಹೋಗ್ತೀನಿ."

"ಏನ ಮಾತಾಡ್ತಿ? ಕುಂತ ಮಾತ ಮುಗಿಸೇವಿ. ಆಗ ಹೂಂ ಅಂದೀದಿ."

"ಅಂದೆ. ತಪ್ಪಾತು. ಈಗ ಒಲ್ಲೆ ಅಂತೀನಿ."

ಅಣ್ಣಾಸಾಬ ಓಣಿಯತ್ತ ಒಮ್ಮೆ ನೋಡಿ ದನಿ ತಗ್ಗಿಸಿದ. "ನೋಡವಾ, ಮಂದಿ ಏನ ಅಂತಾರ? ಅಣ್ಣಾಸಾಬ ತಮ್ಮ ಸತ್ತ ವರ್ಷ ಆಗೂದ್ರಾಗ ಅವನ ಮಗಳ್ನ ಮನಿಬಿಟ್ಟ ಹೊರಗ ಹಾಕಿದ ಅಂತಾರ. ನಾ ಹೆಂಗ ತಲಿ ಎತ್ತಿ ಅಡ್ಡಾಡಲಿ?"

"ನೀವ ಹಾಕಿದ್ರಿ ಅಂತ ಯಾಕ ಹೇಳ್ತೀರಿ? ನಾ ಕದ್ದ ಒಯ್ದೆ ಅಂತ ಹೇಳ್ರಿ," ಎಂದಳು ಅನುಸೂಯಾ. "ಕಳ್ಳಿ ಅಂತ ಹೆಂಗೂ ಅಂದೀರಿ. ಇಡೀ ಓಣಿ ಕೇಳೈತಿ. ಭಾಂಡೆ ಕದ್ದಾಕಿ ಹುಡುಗೀನ್ನೂ ಕದ್ದಳು ಅನ್ರಿ. ಯಾರೂ ನಿಮಗ ಏನೂ ಅನ್ನೂದಿಲ್ಲ."

ಅಣ್ಣಾಸಾಬ ಟವೆಲಿನಿಂದ ಕುತ್ತಿಗೆ ಒರೆಸಿಕೊಂಡ. ಆಗ ಭಾಗ್ಯಾ ಅನುಸೂಯಾಳ ಬೆನ್ನ ಹಿಂದಿನಿಂದ ಮುಂದೆ ಬಂದಳು. "ಸುಳ್ಳ ಓದಿದಾಕಿ ನಾ, ದೊಡ್ಡಪ್ಪ. ಚಿಗವ್ವ ಕದ್ದಿಲ್ಲ. ಭಾಂಡೆ ಹೋದ್ರ ನನ್ನೂ ಕಳಸ್ತಿ ಅಂತ ಮಾಡಿದ್ನಿ."

ಅಣ್ಣಾಸಾಬ ಹುಡುಗಿಯನ್ನು, ಸಾಲಿಟ್ಟ ಹನ್ನೊಂದು ಭಾಂಡೆಗಳನ್ನು, ಮತ್ತೆ ಹುಡುಗಿಯನ್ನು ನೋಡಿದ. ಹೆಚ್ಚು ಹೊತ್ತೇ ನೋಡಿದ. ತನ್ನ ಮಾತನ್ನೇ ತನಗೆ ತಿರುಗಿಸಿ ಕೊಟ್ಟಿದ್ದಾಳೆ ಎಂಬುದು ತಿಳಿಯಲು ಅವನಿಗೆ ಅಷ್ಟು ಹೊತ್ತು ಹಿಡಿದಿರಬೇಕು.

"ಲಗ್ನ ಮಾತ್ರ ಈ ಅಂಗಳದಾಗ ಆಗಬೇಕ," ಎಂದ ಕೊನೆಗೆ. "ಧಾರಿ ನಾನ ಎರಿಯಾಂವ."

"ಆಗ್ಲಿ," ಎಂದಳು ಅನುಸೂಯಾ.

ಕೆಂಚವ್ವ ಒಳಗೆ ಹೋದಳು. ಹುಡುಗಿಯ ಬಟ್ಟೆಗಳನ್ನು ಮಡಚುವ ಗೊಡವೆಗೆ ಹೋಗದೆ ಒಂದು ಚಾದರದಲ್ಲಿ ಗಂಟು ಕಟ್ಟಿ, ಶಾಲೆಯ ಚೀಲದ ಸಮೇತ ತಂದು ಕ್ಯಾಬಿನ್ನಿನೊಳಗೆ ತುರುಕಿದಳು. "ಇಷ್ಟ ದೊಡ್ಡಾಕಿ ಆಗಿ ಸುಳ್ಳ ಓದ್ತಿ, ನಾಚಿಕಿ ಇಲ್ಲ ನಿನಗ," ಎಂದು ಭಾಗ್ಯಾಳ ಬೆನ್ನಿಗೆ ಒಂದು ಗುದ್ದಿ, ಸೆರಗಿನಿಂದ ಕಣ್ಣೊರೆಸಿಕೊಂಡಳು.

ಕ್ಯಾಬಿನ್ನಿನಲ್ಲಿ ಇಬ್ಬರಿಗಾಗುವಷ್ಟು ಜಾಗವಿರಲಿಲ್ಲ, ಒತ್ತಿಕೊಂಡು ಕೂತರು. ಹೊಳೆವ್ವನ ಹನ್ನೊಂದು ಭಾಂಡೆ ಅಂಗಳದಲ್ಲೇ ಉಳಿದವು. ಟೆಂಪೋ ಕಬ್ಬಿನ ಗದ್ದೆಗಳ ನಡುವೆ ಹಾದು ಚಿಕ್ಕೋಡಿ ದಾಟಿತು. ಅನುಸೂಯಾಳಿಗೆ ಹೆದರಿಕೆ ಈಗ ನಿಧಾನಕ್ಕೆ ಬರುತ್ತಿತ್ತು. ತಮ್ಮನದು ಎರಡು ಖೋಲಿಯ ಮನೆ, ಅವನಿಗೇ ಮೂರು ಮಕ್ಕಳು. ಅವನು ಬಾ ಎಂದದ್ದು ಒಬ್ಬಳನ್ನು. ರಾಯಬಾಗದ ಹಾದಿ ಹಿಡಿದ ಮೇಲೆ ಅವಳು ಫೋನು ತೆಗೆದು ನಂಬರು ಒತ್ತಿದಳು.

"ಹಾಂ ಅಕ್ಕಾ, ಎಲ್ಲಿದ್ದಿ?" ಎಂದ ರಾಜಾರಾಮ.

"ಬರಾಕತ್ತೇವಿ. ಇಬ್ಬರು. ಭಾಗ್ಯಾ ಅದಾಳ ನನ್ನ ಕೂಡ."

"ಹುಡುಗಿ? ಎಷ್ಟ ದಿನಕ್ಕ ಬರಾಕತ್ತಾಳ?" ಎಂದ.

ಕ್ಯಾಬಿನ್ನು ಸಣ್ಣದು, ಫೋನಿನ ದನಿ ದೊಡ್ಡದು. ಭಾಗ್ಯಾ ಕಿಟಕಿಯ ಕಡೆ ಮುಖ ತಿರುಗಿಸಿದಳು. ಅನುಸೂಯಾ ಫೋನನ್ನು ಇನ್ನೊಂದು ಕಿವಿಗೆ ಬದಲಿಸಲಿಲ್ಲ. ಹುಡುಗಿಗೆ ಕೇಳಲಿ ಎಂದೇ ಗಟ್ಟಿಯಾಗಿ ಹೇಳಿದಳು.

"ದಿನಾ ಎಣಸಾಕ ಬರಾಕತ್ತಿಲ್ಲೋ ರಾಜಾರಾಮಾ. ನನಗ ಜಾಗಾ ಇದ್ರ ಆಕಿಗೂ ಐತಿ. ಆಕಿಗೆ ಇಲ್ಲಂದ್ರ ಈಗ ಹೇಳಿಬಿಡ, ಇಬ್ಬರೂ ರಾಯಬಾಗದಾಗ ಇಳೀತೇವಿ."

ಸಿದ್ದಲಿಂಗ ಗೇರು ಬದಲಿಸುವುದನ್ನೂ ಮರೆತು ಅವಳತ್ತ ನೋಡಿದ. ಫೋನಿನೊಳಗೆ ಯಾವುದೋ ಮಗು ಅಳುವುದು ಕೇಳಿಸಿತು, ಯಾರೋ ಭಾಂಡೆ ಬಡಿದದ್ದು ಕೇಳಿಸಿತು. ಆಮೇಲೆ ರಾಜಾರಾಮ ಫೋನು ಬಾಯಿಯಿಂದ ದೂರ ಹಿಡಿದು ಹೆಂಡತಿಗೆ ಕೂಗಿ ಹೇಳಿದ: "ಏ, ಎರಡ ರೊಟ್ಟಿ ಜಾಸ್ತಿ ಬಡಿ!"

"ನಾಕ ಅಂತ ಹೇಳ ಚಿಗವ್ವ," ಎಂದಳು ಭಾಗ್ಯಾ, ಕಿಟಕಿಯಿಂದ ಮುಖ ತಿರುಗಿಸದೆ. "ಮುಂಜಾನಿಂದ ನಾ ಏನೂ ತಿಂದಿಲ್ಲ."